ಪ್ಯಾನೆಲ್ ಬೀಳುವುದಿಲ್ಲ, ಹಾರುತ್ತದೆ

ಸೋಲಾರ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಪ್ಯಾನೆಲ್ ಕುರಿತೇ ಇರುತ್ತವೆ. ಯಾವ ಕಂಪನಿಯದು, ಎಷ್ಟು ವ್ಯಾಟ್, ಎಷ್ಟು ವರ್ಷದ ಗ್ಯಾರಂಟಿ. ಅದನ್ನು ಹಿಡಿದು ನಿಲ್ಲಿಸುವ ಸ್ಟ್ರಕ್ಚರ್ ಬಗ್ಗೆ ಕೇಳುವವರು ಕಡಿಮೆ. ಕೇಳುವವರೂ ಸುತ್ತಿ ಬಳಸಿ ಒಂದೇ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ. ಈ ಸಲ ಎಲ್ಲರಿಗೂ ಸೇರಿಸಿ ಒಂದೇ ಕಡೆ ಬರೆಯುತ್ತೇನೆ. ಉಳಿದ ಪ್ರಶ್ನೆಗಳಿಗೆ ಎಷ್ಟು ಬೇಕೋ ಅಷ್ಟೇ. ಪ್ಯಾನೆಲ್ ಬಿಸಿಲಿಗೆ ಮುಖ ಮಾಡಿರಬೇಕು, ನೆರಳು ಬೀಳಬಾರದು ಅನ್ನುವುದನ್ನೆಲ್ಲ ಇಲ್ಲಿ ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನಮ್ಮದು ಸಮತಟ್ಟಾದ ಕಾಂಕ್ರೀಟ್ ತಾರಸಿ. ತೂತು ಕೊರೆದರೆ ಸೋರುತ್ತದೆ ಎಂಬ ಭಯ. ಕಾಂಕ್ರೀಟ್ ಬ್ಲಾಕ್ ಭಾರ ಇಟ್ಟರೆ ಸಾಕು ಎಂದು ಒಬ್ಬರು ಹೇಳುತ್ತಾರೆ. ಆಂಕರ್, ಅಂದರೆ ಸ್ಲ್ಯಾಬಿಗೆ ಕೊರೆದು ನೆಡುವ ಬೋಲ್ಟು, ಹಾಕಲೇಬೇಕು ಎಂದು ಇನ್ನೊಬ್ಬರು. ಎಂಟು ಅಡಿ ಎತ್ತರದ ಕಂಬದ ಮೇಲೆ ಹಾಕಿಸಿ, ಕರೆಂಟೂ ಜಾಸ್ತಿ ಬರುತ್ತದೆ ಎಂದು ಮತ್ತೊಬ್ಬರು. ಯಾವುದು ಸರಿ? ಒಂದು ಪ್ಯಾನೆಲ್ ಬರೀ 28 ಕೆಜಿ ಅಲ್ವಾ, ಅದಕ್ಕೆ ಇಷ್ಟೆಲ್ಲ ಬೇಕಾ?

ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ತಪ್ಪು ಹುಟ್ಟುವುದೇ ಅಲ್ಲಿ. ಪ್ಯಾನೆಲ್ಲಿನ ಭಾರ ಹೊರುವುದು ಸ್ಟ್ರಕ್ಚರಿಗೆ ದೊಡ್ಡ ಕೆಲಸವೇ ಅಲ್ಲ. 28 ಕೆಜಿಯನ್ನು ನಾಲ್ಕು ಇಟ್ಟಿಗೆಯೂ ಹೊರುತ್ತವೆ. ಸ್ಟ್ರಕ್ಚರಿನ ನಿಜವಾದ ಕೆಲಸ ಪ್ಯಾನೆಲ್ಲನ್ನು ಕೆಳಕ್ಕೆ ಹಿಡಿದಿಡುವುದು. ಓರೆಯಾಗಿ ನಿಂತ ಪ್ಯಾನೆಲ್ಲಿನ ಬೆನ್ನಿಗೆ ಗಾಳಿ ನುಗ್ಗಿದರೆ ಅದು ಹಾಯಿಯಂತೆ ಉಬ್ಬಿಸಿ ಮೇಲಕ್ಕೆ ಎತ್ತುತ್ತದೆ.

ಎಷ್ಟು ಬಲದಿಂದ ಎತ್ತುತ್ತದೆ? ಲೆಕ್ಕ ಕಷ್ಟವಿಲ್ಲ. ಗಾಳಿಯ ವೇಗವನ್ನು ಸೆಕೆಂಡಿಗೆ ಎಷ್ಟು ಮೀಟರ್ ಎಂದು ತೆಗೆದುಕೊಳ್ಳಿ. ಅದನ್ನು ಅದರಿಂದಲೇ ಗುಣಿಸಿ, ಮತ್ತೆ 0.613ರಿಂದ ಗುಣಿಸಿ. ಒಂದು ಚದರ ಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ಎಂದು ಸಿಗುತ್ತದೆ. ಸುಮಾರು 10ರಿಂದ ಭಾಗಿಸಿದರೆ ಕೆಜಿ ಲೆಕ್ಕ. ಈಗಿನ ದೊಡ್ಡ ಪ್ಯಾನೆಲ್ ಹೆಚ್ಚು ಕಡಿಮೆ 2.5 ಚದರ ಮೀಟರ್ ಇರುತ್ತದೆ. ಗಂಟೆಗೆ 72 ಕಿ.ಮೀ. ಗಾಳಿಗೆ ಅಂಥ ಒಂದು ಪ್ಯಾನೆಲ್ ಮೇಲೆ ಬೀಳುವ ಬಲ ಸುಮಾರು 60 ಕೆಜಿ. 108 ಕಿ.ಮೀ. ಆದರೆ 140 ಕೆಜಿ. 144 ಕಿ.ಮೀ. ಬಿರುಗಾಳಿಗೆ 250 ಕೆಜಿ. ವೇಗ ಎರಡು ಪಟ್ಟು ಆದರೆ ಬಲ ನಾಲ್ಕು ಪಟ್ಟು ಆಗುತ್ತದೆ, ಇದನ್ನು ನೆನಪಿಡಿ. ಇವು ಒರಟು ಲೆಕ್ಕ. ಓರೆ ಕಡಿಮೆ ಇದ್ದು ಅಕ್ಕಪಕ್ಕ ಸಾಲುಗಳಿದ್ದರೆ ಬಲ ಇಳಿಯುತ್ತದೆ. ತಾರಸಿಯ ಅಂಚಿನಲ್ಲಿ, ಅದರಲ್ಲೂ ಮೂಲೆಯಲ್ಲಿ, ಗಾಳಿ ಸುಳಿ ಸುತ್ತುವುದರಿಂದ ಇದಕ್ಕಿಂತ ಜಾಸ್ತಿಯೇ ಆಗುತ್ತದೆ. ಜಾಗ ಉಳಿಸಲು ಮೂಲೆಯ ತುದಿತನಕ ಪ್ಯಾನೆಲ್ ಜೋಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಈಗ ಬ್ಲಾಕಿನ ವಿಷಯ. ಉದ್ದ, ಅಗಲ 40 ಸೆಂ.ಮೀ., ಎತ್ತರ 30 ಸೆಂ.ಮೀ. ಇರುವ ಕಾಂಕ್ರೀಟ್ ಬ್ಲಾಕ್ ನೋಡಲು ಭಾರಿ ಕಾಣುತ್ತದೆ. ತೂಕ ಸುಮಾರು 115 ಕೆಜಿ. ಎರಡು ಇಟ್ಟರೆ 230, ಸಾಕಲ್ವಾ ಎಂದು ಕೇಳುತ್ತೀರಿ. ಆದರೆ ಬ್ಲಾಕ್ ಹಾರುವುದಕ್ಕೂ ಮೊದಲು ಜಾರುತ್ತದೆ. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 100 ಕೆಜಿಯ ಒಂದು ಬ್ಲಾಕನ್ನು ಗಾಳಿ 60 ಕೆಜಿ ಬಲದಿಂದ ಮೇಲಕ್ಕೆ ಎಳೆಯುತ್ತಿದೆ ಎಂದುಕೊಳ್ಳಿ. ಆಗ ಅದು ತಾರಸಿಯ ಮೇಲೆ ಒತ್ತುವುದು ಬರೀ 40 ಕೆಜಿ. ಒದ್ದೆ ನೆಲದ ಮೇಲೆ ಅದರ ಹಿಡಿತ 15 ಕೆಜಿ ಇದ್ದರೆ ಹೆಚ್ಚು. ಅಂದರೆ ಒಬ್ಬ ಹುಡುಗ ಕಾಲಿನಲ್ಲಿ ನೂಕಿದರೂ ಸರಿಯುವ ಸ್ಥಿತಿ. ಅದೇ ಗಾಳಿ ಪಕ್ಕಕ್ಕೂ ತಳ್ಳುತ್ತಿರುತ್ತದೆ.

ಒಮ್ಮೆ ಗಾಳಿಮಳೆ ನಿಂತ ಮರುದಿನ ಒಂದು ತಾರಸಿ ನೋಡಲು ಕರೆದಿದ್ದರು. ಪ್ಯಾನೆಲ್ ಒಂದೂ ಹಾರಿರಲಿಲ್ಲ. ಬ್ಲಾಕ್ ಗಟ್ಟಿಯಾಗಿಯೇ ಇವೆ ನೋಡಿ ಎಂದು ಮನೆಯವರು ಸಮಾಧಾನದಲ್ಲಿದ್ದರು. ನಾನು ಬಗ್ಗಿ ಕೂತು ನೋಡಿದೆ. ಹಿಂದಿನ ಸಾಲಿನ ಪ್ರತಿ ಬ್ಲಾಕಿನ ಹಿಂದೆಯೂ ಒಂದು ಗೇಣು ಉದ್ದದ ಬಿಳಿ ಗೀರು ಇತ್ತು. ವಾಟರ್‌ಪ್ರೂಫಿಂಗ್ ಪದರ ಕಿತ್ತು ಬಂದು ಬ್ಲಾಕಿನ ಅಂಚಿಗೆ ಸುರುಳಿಯಾಗಿ ಅಂಟಿಕೊಂಡಿತ್ತು. ಗೀರಿನಲ್ಲಿ ನೀರು ನಿಂತಿತ್ತು. ಸಾಲು ಸರಿದ ರಭಸಕ್ಕೆ ಕೇಬಲ್ ತಂತಿ ಕಟ್ಟಿದಂತೆ ಬಿಗಿಯಾಗಿ, ಒಂದು ಕನೆಕ್ಟರ್ ಅರ್ಧ ಬಾಯಿ ಬಿಟ್ಟಿತ್ತು. ಡಿಸಿ ಕರೆಂಟ್ ಹರಿಯುವ ಕನೆಕ್ಟರ್ ಹಾಗೆ ಅರೆಬರೆ ಬಿಟ್ಟುಕೊಂಡರೆ ಕಿಡಿ ಹಾರಿ ಬೆಂಕಿ ಹತ್ತಬಹುದು. ತಾರಸಿಗೆ ಒಂದೂ ತೂತು ಬೇಡವೆಂದು ಬ್ಲಾಕ್ ಆರಿಸಿಕೊಂಡ ಮನೆ ಅದು. ಕೊನೆಗೆ ಎಂಟು ಕಡೆ ಪದರ ಹರಿದಿತ್ತು.

ಬ್ಲಾಕ್ ಪದ್ಧತಿಯೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ದೊಡ್ಡ ದೊಡ್ಡ ಕಟ್ಟಡಗಳ ಮೇಲೆ ಅದನ್ನು ಚೆನ್ನಾಗಿ ಮಾಡಿದ್ದಾರೆ. ಅಲ್ಲಿ ಓರೆ 10 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಹಿಂಬದಿಗೆ ಗಾಳಿ ನುಗ್ಗದಂತೆ ತಗಡಿನ ತಡೆ ಇರುತ್ತದೆ. ಎಲ್ಲ ಸಾಲುಗಳನ್ನೂ ಒಂದಕ್ಕೊಂದು ಬಿಗಿದು ಇಡೀ ಜೋಡಣೆಯೇ ಒಂದು ಚಾಪೆಯಂತೆ ಕೂರುತ್ತದೆ. ಬ್ಲಾಕಿನ ಅಡಿಗೆ ರಬ್ಬರ್ ಹಾಸು ಇರುತ್ತದೆ. ಅಂಚಿಗೆ ಎಷ್ಟು ಭಾರ, ನಡುವೆ ಎಷ್ಟು ಭಾರ ಎಂದು ಬೇರೆ ಬೇರೆ ಲೆಕ್ಕ ಇರುತ್ತದೆ. ಆ ಭಾರವನ್ನು ತಾರಸಿ ಹೊರುತ್ತದಾ ಎಂದೂ ನೋಡಿರುತ್ತಾರೆ. ನಾಲ್ಕು ಪ್ಯಾನೆಲ್, 25 ಡಿಗ್ರಿ ಓರೆ, ಎಂಟು ಬ್ಲಾಕ್, ಲೆಕ್ಕವೇನೂ ಇಲ್ಲ, ಇದು ಆ ಪದ್ಧತಿ ಅಲ್ಲ. ಇದು ಸುಮ್ನೆ ಇಟ್ಟು ಹೋಗುವುದು.

ಇನ್ನು ಆಂಕರ್. ತೂತು ಕೊರೆದರೆ ಸೋರುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ತಾರಸಿ ಸೋರಿದ ಮನೆಯಲ್ಲಿ ಇದ್ದವರಿಗೆ ಆ ಕಷ್ಟ ಗೊತ್ತು. ಆದರೆ ಸೋರುವುದು ತೂತಿನಿಂದಲ್ಲ, ತೂತಿನ ಮೇಲೆ ನಿಂತ ನೀರಿನಿಂದ. ಅದಕ್ಕೇ ಬೋಲ್ಟು ಯಾವತ್ತೂ ತಾರಸಿಯ ಮಟ್ಟದಲ್ಲಿ ಇರಬಾರದು. ಕಂಬ ಬರುವ ಕಡೆ ಟೈಲ್ಸ್, ಗಾರೆ ಎಲ್ಲ ಕಿತ್ತು ಗಟ್ಟಿ ಸ್ಲ್ಯಾಬ್ ಸಿಗುವವರೆಗೆ ಹೋಗಬೇಕು. ಅಲ್ಲಿ ಸಣ್ಣ ಕಬ್ಬಿಣದ ಸರಳುಗಳನ್ನು ಕೆಮಿಕಲ್ ಆಂಕರಿನಿಂದ, ಅಂದರೆ ತೂತಿಗೆ ತುಂಬುವ ಗಟ್ಟಿ ಅಂಟಿನಿಂದ ನೆಟ್ಟು, ಸುತ್ತ 15–20 ಸೆಂ.ಮೀ. ಎತ್ತರದ ಕಾಂಕ್ರೀಟ್ ಪೀಠ ಎರಕ ಹಾಕಬೇಕು. ವಾಟರ್‌ಪ್ರೂಫಿಂಗ್ ಪದರವನ್ನು ಪೀಠದ ಮೈಗೆ ಹತ್ತಿಸಿ ಮೇಲಿನವರೆಗೆ ಒಯ್ಯಬೇಕು. ಕಂಬದ ತಟ್ಟೆ, ಬೋಲ್ಟು ಎಲ್ಲ ಆ ಪೀಠದ ತಲೆಯ ಮೇಲೆ. ನೀರು ಕೆಳಗೆ ಹರಿದು ಹೋಗುತ್ತದೆ, ಬೋಲ್ಟು ಮೇಲೆ ಒಣಗಿಕೊಂಡಿರುತ್ತದೆ. ಇಷ್ಟು ಮಾಡಿದ ತಾರಸಿ ಬೋಲ್ಟಿನ ಕಾರಣಕ್ಕೆ ಸೋರಿದ್ದನ್ನು ನಾನು ನೋಡಿಲ್ಲ. ಟೈಲ್ಸ್ ಮೇಲೆಯೇ ಡ್ರಿಲ್ ಮಾಡಿ, ತಟ್ಟೆ ಬಿಗಿದು, ಸುತ್ತ ಸಿಲಿಕಾನ್ ಬಳಿದು ಹೋದವರ ಕೆಲಸ ಸೋರಿದ್ದನ್ನು ಮಾತ್ರ ಬೇಕಾದಷ್ಟು ಸಲ ನೋಡಿದ್ದೇನೆ. ಸಿಲಿಕಾನ್ ಒಂದಲ್ಲ ಒಂದು ದಿನ ಬಿಟ್ಟುಕೊಳ್ಳುತ್ತದೆ. ಅದನ್ನು ನಂಬಿ ಕೂರಬೇಡಿ.

ಕೆಮಿಕಲ್ ಆಂಕರ್ ಹಾಕುವಾಗ ಪಕ್ಕದಲ್ಲಿ ನಿಂತು ಒಂದು ವಿಷಯ ನೋಡಿ. ತೂತು ಕೊರೆದ ಮೇಲೆ ಒಳಗೆ ಹಿಟ್ಟಿನಂಥ ಪುಡಿ ಉಳಿದಿರುತ್ತದೆ. ಅದನ್ನು ಪಂಪಿನಿಂದ ಊದಬೇಕು, ತಂತಿಯ ಬ್ರಷ್ ಹಾಕಿ ತಿಕ್ಕಬೇಕು, ಮತ್ತೆ ಊದಬೇಕು. ಪುಡಿ ಬರುವುದು ನಿಲ್ಲುವವರೆಗೂ ಹೀಗೇ. ಪುಡಿ ಉಳಿದರೆ ಅಂಟು ಕಾಂಕ್ರೀಟಿಗೆ ಹಿಡಿಯುವುದಿಲ್ಲ, ಪುಡಿಗೆ ಹಿಡಿಯುತ್ತದೆ. ಮೇಲಿಂದ ಎಲ್ಲ ಗಟ್ಟಿಯಾಗಿ ಕಾಣುತ್ತದೆ. ಎಳೆತ ಬಿದ್ದಾಗ ಬೆಣ್ಣೆಯಿಂದ ಕೂದಲು ತೆಗೆದಂತೆ ಸರಳು ಹೊರಗೆ ಬರುತ್ತದೆ. ಎರಡು ನಿಮಿಷದ ಕೆಲಸ ಇದು. ಅವಸರದ ಕೆಲಸಗಾರರು ಮೊದಲು ಬಿಡುವುದೂ ಇದನ್ನೇ. ಅಂಟು ಒಣಗಲು ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಡಬೇಕು. ಆಮೇಲೆಯೇ ನಟ್ಟು ಬಿಗಿಯಬೇಕು.

ಮೂರನೆಯದು ಎತ್ತರದ ಕಂಬ. ಕರೆಂಟ್ ಜಾಸ್ತಿ ಬರುತ್ತದೆ ಅನ್ನುವುದು ಮಾರುವವರ ಮಾತು. ಪ್ಯಾರಾಪೆಟ್ ಗೋಡೆಯದೋ ನೀರಿನ ಟ್ಯಾಂಕಿನದೋ ನೆರಳು ತಪ್ಪುವುದಾದರೆ ಮಾತ್ರ ಅದು ನಿಜ. ಅಡಿಯಲ್ಲಿ ಗಾಳಿ ಆಡಿ ಪ್ಯಾನೆಲ್ ತಣ್ಣಗಿರುತ್ತದೆ ಅನ್ನುವುದೂ ಹೌದು. ಆದರೆ ಪೀಠದ ಮೇಲೆ ಓರೆಯಾಗಿ ನಿಂತ ಪ್ಯಾನೆಲ್ಲಿಗೆ ಆ ಗಾಳಿ ಹೇಗೂ ಸಿಗುತ್ತದೆ. ಅದಕ್ಕೆ ಎಂಟು ಅಡಿ ಬೇಕಿಲ್ಲ.

ಎಂಟು ಅಡಿ ಏರಿಸಿದಾಗ ಕಂಬದ ಬುಡಕ್ಕೆ ಏನಾಗುತ್ತದೆ ಎಂದು ನೋಡಿ. ಆರು ಕಂಬ, ಮೇಲೆ ಹತ್ತು ಪ್ಯಾನೆಲ್, 15 ಡಿಗ್ರಿ ಓರೆ. ಗಂಟೆಗೆ 108 ಕಿ.ಮೀ. ಗಾಳಿಗೆ ಒಂದೊಂದು ಕಂಬದ ತಲೆಯನ್ನೂ ಪಕ್ಕಕ್ಕೆ ತಳ್ಳುವ ಬಲ ಸುಮಾರು 60 ಕೆಜಿ. ಇಷ್ಟೇನಾ ಅನ್ನಿಸುತ್ತದೆ. ಆದರೆ ಆ ತಲೆ ಬುಡದಿಂದ 2.4 ಮೀಟರ್ ಎತ್ತರದಲ್ಲಿದೆ. ಬುಡದ ತಟ್ಟೆಯಲ್ಲಿ ಬೋಲ್ಟುಗಳ ನಡುವೆ ಇರುವುದು 15 ಸೆಂ.ಮೀ. ಮಾತ್ರ. ಹಾರೆಯಿಂದ ಬಂಡೆ ಮೀಟಿದ ಹಾಗೆ, ಬಲ 16 ಪಟ್ಟು ಆಗುತ್ತದೆ. ಒಂದು ಬದಿಯ ಬೋಲ್ಟುಗಳನ್ನು ಕೀಳುವ ಎಳೆತ ಒಂದು ಟನ್ನಿಗೆ ಹತ್ತಿರ. ಗಾಳಿ ನೇರವಾಗಿ ಮೇಲಕ್ಕೆ ಎಳೆಯುವುದು ಇದಕ್ಕೆ ಸೇರಿಲ್ಲ. ಕಂಬಗಳ ನಡುವೆ ಅಡ್ಡಡ್ಡ ಕ್ರಾಸ್ ಪಟ್ಟಿ ಬಿಗಿದರೆ ಈ ಮೀಟುವಿಕೆ ಬಹಳ ಕಡಿಮೆಯಾಗುತ್ತದೆ. ಆದರೆ ಕೆಳಗೆ ಓಡಾಡಲು ಅಡ್ಡ ಬರುತ್ತದೆ ಎಂದು ಜನ ಮೊದಲು ತೆಗೆಸುವುದು ಆ ಪಟ್ಟಿಯನ್ನೇ. ದಯವಿಟ್ಟು ತೆಗೆಸಬೇಡಿ.

ಹಾಗಾದರೆ ನನ್ನ ಆಯ್ಕೆ ಯಾವುದು? ಸ್ಲ್ಯಾಬ್ ಗಟ್ಟಿ ಇದ್ದರೆ ಪೀಠ, ಆಂಕರ್, ಕಡಿಮೆ ಓರೆ, ಕಡಿಮೆ ಎತ್ತರ, ತಾರಸಿಯ ಅಂಚಿನಿಂದ ಸಾಕಷ್ಟು ಒಳಗೆ. ಕೆಳಗಿನ ಜಾಗ ನಿಜವಾಗಿಯೂ ಬೇಕೇ ಬೇಕು ಅಂದರೆ ಮಾತ್ರ ಎತ್ತರದ ಕಂಬ, ಅದೂ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಮಾಡಿ ಸಹಿ ಹಾಕಿದ ಮೇಲೆ. ತಾರಸಿಗೆ ಕೈ ಹಚ್ಚುವಂತೆಯೇ ಇಲ್ಲ, ಆದರೆ ಭಾರ ಹೊರಬಲ್ಲದು ಅಂದರೆ ಬ್ಲಾಕ್, ಮೇಲೆ ಹೇಳಿದ ಚಾಪೆಯ ಪದ್ಧತಿಯಲ್ಲಿ. ನಾನು ಸ್ವಲ್ಪ ಹೆಚ್ಚೇ ಎಚ್ಚರಿಕೆಯ ಮನುಷ್ಯ ಎಂದು ಜೊತೆಯವರು ಹೇಳುತ್ತಾರೆ. ಇರಲಿ. ಕಿತ್ತು ಹೋದ ಪ್ಯಾನೆಲ್ ನಿಮ್ಮ ತಾರಸಿಯಲ್ಲೇ ಬೀಳಬೇಕು ಎಂದೇನೂ ಇಲ್ಲ. ಅದು ಬೀದಿಗೆ ಹೋಗಿ ಬೀಳುತ್ತದೆ. ಬೀದಿಯಲ್ಲಿ ಜನ ಇರುತ್ತಾರೆ.

ಇನ್ನೊಂದು ಮಾತು. “ನಮ್ಮ ಪ್ಯಾನೆಲ್ 2400 ಪಾಸ್ಕಲ್ ಟೆಸ್ಟ್ ಪಾಸಾಗಿದೆ, ಎಂಥ ಗಾಳಿಗೂ ಹೆದರಬೇಡಿ” ಅನ್ನುವವರನ್ನು ನಂಬಬೇಡಿ. ಪಾಸ್ಕಲ್ ಅಂದರೆ ಒಂದು ಚದರ ಮೀಟರಿಗೆ ಒಂದು ನ್ಯೂಟನ್ ಒತ್ತಡ. ಆ ಟೆಸ್ಟ್ ಐಇಸಿ 61215 ಎಂಬ ಅಂತರರಾಷ್ಟ್ರೀಯ ಮಾನದಂಡದ್ದು, ಪ್ಯಾನೆಲ್ಲಿನದು. ಸ್ಟ್ರಕ್ಚರಿನದಲ್ಲ, ಆಂಕರಿನದೂ ಅಲ್ಲ. ಆ 2400ರಲ್ಲಿ ಒಂದೂವರೆ ಪಟ್ಟು ಸುರಕ್ಷತೆಯ ಅಂಶ ಸೇರಿದೆ. ವಿನ್ಯಾಸಕ್ಕೆ ಉಳಿಯುವುದು 1600 ಮಾತ್ರ. ಅದೂ ಪ್ಯಾನೆಲ್ಲನ್ನು ಸ್ಟ್ರಕ್ಚರಿಗೆ ಕಚ್ಚಿ ಹಿಡಿಯುವ ಕ್ಲ್ಯಾಂಪನ್ನು ತಯಾರಿಸಿದವರು ಹೇಳಿದ ಜಾಗದಲ್ಲೇ ಹಾಕಿದ್ದರೆ. ಸಾಮಾನ್ಯವಾಗಿ ಅದು ಉದ್ದದ ಬದಿಯಲ್ಲಿ, ತುದಿಯಿಂದ ಐದನೇ ಒಂದು ಅಥವಾ ನಾಲ್ಕನೇ ಒಂದು ಭಾಗದಷ್ಟು ಒಳಗೆ ಇರುತ್ತದೆ. ಮೂಲೆಗೆ ಹಾಕಿದರೆ ಪ್ಯಾನೆಲ್ ನಡುವಿನಲ್ಲಿ ಬಾಗಿ ಸೆಲ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಕ್ಲ್ಯಾಂಪ್ ಬಿಗಿಯಲು ಟಾರ್ಕ್ ರೆಂಚ್ (ಎಷ್ಟು ಬಿಗಿಯಬೇಕೋ ಅಷ್ಟೇ ಅಳೆದು ಬಿಗಿಯುವ ಪಾನಾ) ಇಲ್ಲದೆ ಬರುವವರನ್ನು ಮೇಲೆ ಹತ್ತಿಸಬೇಡಿ.

ಪ್ರಶ್ನೆ: ಕಬ್ಬಿಣದ ಸ್ಟ್ರಕ್ಚರ್ ಒಳ್ಳೆಯದಾ, ಅಲ್ಯೂಮಿನಿಯಮ್ಮಾ? ಕಬ್ಬಿಣಕ್ಕೆ ಸಿಲ್ವರ್ ಪೇಂಟ್ ಹೊಡೆದರೆ ತುಕ್ಕು ಹಿಡಿಯಲ್ಲ ಎಂದು ವೆಲ್ಡಿಂಗ್ ಅಂಗಡಿಯವರು ಹೇಳುತ್ತಾರೆ.

ಎರಡೂ ಒಳ್ಳೆಯವೇ. ಇಳಿಜಾರು ಛಾವಣಿಗೆ ಹಗುರ ಅಲ್ಯೂಮಿನಿಯಮ್ ರೈಲು, ಅಂದರೆ ಪ್ಯಾನೆಲ್ ಕೂರಿಸುವ ಉದ್ದ ಪಟ್ಟಿ, ಸಾಕು. ಎತ್ತರದ ಕಂಬಕ್ಕೆ, ನೆಲದ ಮೇಲಿನ ಸಾಲಿಗೆ ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು ಬೇಕು. ಸತುವಿನ ಲೇಪದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 1461 ಪ್ರಕಾರ 3ರಿಂದ 6 ಮಿ.ಮೀ. ದಪ್ಪದ ಉಕ್ಕಿಗೆ ಸತುವಿನ ಪದರ ಸರಾಸರಿ 70 ಮೈಕ್ರಾನ್ ಇರಬೇಕು. 6 ಮಿ.ಮೀ. ದಾಟಿದರೆ 85. ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಅಳೆಸಿ ನೋಡಿ.

ಸಿಲ್ವರ್ ಪೇಂಟ್ ವಿಷಯ ಶುದ್ಧ ತಪ್ಪು. ಸತು ತಾನು ಸವೆದು ಉಕ್ಕನ್ನು ಕಾಯುತ್ತದೆ. ಸಿಲ್ವರ್ ಪೇಂಟಿನಲ್ಲಿ ಇರುವುದು ಅಲ್ಯೂಮಿನಿಯಮ್ ಪುಡಿ. ಬಣ್ಣ ಒಂದೇ ಥರ ಕಂಡರೂ ಸತು ಮಾಡುವ ಕೆಲಸ ಅದು ಮಾಡುವುದಿಲ್ಲ. ಸತು ಅದ್ದಿದ ಕಂಬವನ್ನು ತಾರಸಿಗೆ ತಂದ ಮೇಲೆ ಕತ್ತರಿಸಿದರೆ, ತೂತು ಹೊಡೆದರೆ, ವೆಲ್ಡ್ ಮಾಡಿದರೆ ಆ ಜಾಗದಲ್ಲಿ ಸತು ಹೋಯಿತು. ಒಂದು ಮಳೆಗಾಲ ಕಳೆದ ಮೇಲೆ ಆ ವೆಲ್ಡಿನ ಸುತ್ತ ಬೆರಳು ಆಡಿಸಿ, ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಅಂಟುತ್ತದೆ. ಆದ್ದರಿಂದ ಅಳತೆ, ತೂತು ಎಲ್ಲ ಮೊದಲೇ ಆಗಿ, ಆಮೇಲೆ ಸತುವಿಗೆ ಹೋಗಬೇಕು. ಮೇಲೆ ಬರೀ ಬೋಲ್ಟು ಬಿಗಿಯುವ ಕೆಲಸ. ತಪ್ಪಿಸಲಾಗದ ಒಂದೆರಡು ಕಡೆ ಇದ್ದರೆ ಸತುವಿನ ಅಂಶ ಹೆಚ್ಚಿರುವ ಜಿಂಕ್ ಪೇಂಟ್ ಹಚ್ಚಿ. ಅರ್ಥಿಂಗಿನ ತಾಮ್ರದ ತಂತಿಯನ್ನು ನೇರವಾಗಿ ಅಲ್ಯೂಮಿನಿಯಮ್ಮಿಗೆ ತಾಗಿಸಬೇಡಿ. ನೀರು ಬಿದ್ದರೆ ತಾಮ್ರ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ನಡುವೆ ತವರ ಲೇಪಿಸಿದ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಬಿಲ್ಲೆ) ಇರಲಿ.

ಪ್ರಶ್ನೆ: ತಗಡಿನ ಶೀಟ್ ಛಾವಣಿಗೆ ಪ್ಯಾನೆಲ್ ನೇರ ಅಂಟಿಸಿದ ಹಾಗೆ ಹಾಕಿದರೆ ಗಾಳಿಯ ಭಯ ಇರುವುದಿಲ್ಲ ಅಲ್ವಾ?

ಗಾಳಿಯ ಭಯ ಕಡಿಮೆ, ಬಿಸಿಯ ನಷ್ಟ ಜಾಸ್ತಿ. ಸೆಲ್ 10 ಡಿಗ್ರಿ ಹೆಚ್ಚು ಕಾದರೆ ಕರೆಂಟ್ ಶೇ. 3ರಿಂದ 4ರಷ್ಟು ಇಳಿಯುತ್ತದೆ. 10–15 ಸೆಂ.ಮೀ. ಸಂದು ಬಿಡಿ. ಕ್ಲ್ಯಾಂಪಿನ ಸ್ಕ್ರೂ ಶೀಟಿಗಷ್ಟೇ ಕಚ್ಚಿದರೆ ಸಾಲದು, ಅಡಿಯಲ್ಲಿ ಶೀಟನ್ನು ಹೊರುವ ಅಡ್ಡಪಟ್ಟಿಗೆ, ಅಂದರೆ ಪರ್ಲಿನ್ನಿಗೆ, ಇಳಿದಿರಬೇಕು. ಬರೀ ಶೀಟ್ ಹಿಡಿದುಕೊಂಡರೆ ಗಾಳಿಗೆ ಶೀಟೂ ಸೇರಿ ಹೋಗುತ್ತದೆ. ನಿಮ್ಮದು ಅಂಚುಗಳನ್ನು ಮೇಲಕ್ಕೆ ಎತ್ತಿ ಮಡಚಿ ಜೋಡಿಸಿದ ಶೀಟ್ ಆಗಿದ್ದರೆ ಅದೃಷ್ಟ. ಮಡಿಕೆಯನ್ನೇ ಕಚ್ಚುವ ಕ್ಲ್ಯಾಂಪ್ ಇದೆ, ಒಂದೂ ತೂತು ಬೇಡ. ಹಳೆಯ ಆಸ್ಬೆಸ್ಟಾಸ್ ಶೀಟ್ ಆದರೆ ಹತ್ತಲೂ ಬೇಡಿ, ಕೊರೆಯಲೂ ಬೇಡಿ. ಕಾಲಿಟ್ಟರೆ ಮುರಿಯುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಮೊದಲು ಛಾವಣಿ ಬದಲಿಸಿ.

ಪ್ರಶ್ನೆ: ಹೆಂಚಿನ ಮನೆಗೆ?

ಸ್ಟ್ರಕ್ಚರ್ ಹಿಡಿಯುವ ಕೊಕ್ಕೆ ಹೆಂಚಿನ ಅಡಿಯ ಪಕಾಸಿಗೆ, ಅಂದರೆ ಇಳಿಜಾರಾಗಿ ಹಾಕಿದ ದಪ್ಪ ಮರಕ್ಕೆ, ಕೂರಬೇಕು. ಅದರ ಮೇಲಿನ ತೆಳು ಅಡ್ಡಪಟ್ಟಿಯಾದ ರೀಪಿಗೂ ಅಲ್ಲ, ಹೆಂಚಿಗಂತೂ ಅಲ್ಲ. ಕೊಕ್ಕೆ ಹೊರಬರುವಲ್ಲಿ ಹೆಂಚನ್ನು ಒಂದಿಷ್ಟು ಉಜ್ಜಿ ಜಾಗ ಮಾಡಿ, ಇಲ್ಲದಿದ್ದರೆ ಒತ್ತಿ ಒತ್ತಿ ಒಡೆಯುತ್ತದೆ. ಗೆದ್ದಲು ಹಿಡಿದ ಪಕಾಸಿ ಇದ್ದರೆ ಮೊದಲು ಬದಲಿಸಿ.

ಪ್ರಶ್ನೆ: ಆ್ಯಪ್ ಒಂದರಲ್ಲಿ 13.4 ಡಿಗ್ರಿ ಓರೆ ಎಂದು ಬಂದಿದೆ. ಹಾಕಿದವರು 15 ಇಟ್ಟಿದ್ದಾರೆ. ಬಿಚ್ಚಿಸಿ ಸರಿ ಮಾಡಿಸಲಾ?

ಬೇಡ. 10 ಡಿಗ್ರಿ ತಪ್ಪಿದರೂ ವರ್ಷದಲ್ಲಿ ಹೋಗುವುದು ಶೇ. 1–2 ಅಷ್ಟೇ. 10 ಡಿಗ್ರಿಗಿಂತ ಚಪ್ಪಟೆ ಮಾತ್ರ ಮಾಡಬೇಡಿ, ಕೆಳ ಅಂಚಿನಲ್ಲಿ ಕೆಸರು ಕಟ್ಟುತ್ತದೆ.

ಪ್ರಶ್ನೆ: ಸೂರ್ಯನ ಜೊತೆ ತಿರುಗುವ ಟ್ರ್ಯಾಕರ್ ಮನೆ ಮೇಲೆ ಹಾಕಿಸಬಹುದಾ?

ಬೇಡ. ಒಂದು ಅಕ್ಷದ ಟ್ರ್ಯಾಕರಿನಿಂದ ಶೇ. 15ರಿಂದ 25ರಷ್ಟು ಜಾಸ್ತಿ ಬರುವುದು ನಿಜ. ಅದು ಬಯಲಿನಲ್ಲಿ, ದಿನವೂ ನೋಡಿಕೊಳ್ಳುವವರು ಇರುವ ಕಡೆಗೆ. ಮನೆಗೆ ಎರಡು ಪ್ಯಾನೆಲ್ ಹೆಚ್ಚು ಹಾಕಿಸಿ.

ಪ್ರಶ್ನೆ: ಜಾಗ ಇದೆ. ನೆಲದ ಮೇಲೆ ಹಾಕಿಸಿದರೆ?

ನೆರಳಿಲ್ಲದ ಜಾಗ ಇದ್ದರೆ ನಾನು ಮೊದಲು ಹೇಳುವುದೇ ಅದನ್ನು. ಸೋರಿಕೆ ಇಲ್ಲ, ತಣ್ಣಗಿರುತ್ತದೆ, ನಿಂತಲ್ಲೇ ತೊಳೆಯಬಹುದು. ಕೆಳ ಅಂಚು ನೆಲದಿಂದ 50–60 ಸೆಂ.ಮೀ. ಮೇಲಿರಲಿ, ಹುಲ್ಲು ಬೆಳೆಯುತ್ತದೆ, ಮಳೆಗೆ ಕೆಸರು ಸಿಡಿಯುತ್ತದೆ. ಗಟ್ಟಿ ಮಣ್ಣಿಗೆ ಉಕ್ಕಿನ ಕಂಬವನ್ನು ನೇರ ಬಡಿದು ಇಳಿಸಬಹುದು. ಆದರೆ ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿಯುವ ಎರೆಮಣ್ಣು ಕಂಬವನ್ನು ವರ್ಷ ವರ್ಷ ಅಲುಗಿಸಿ ಮೇಲೆ ತಳ್ಳುತ್ತದೆ. ಅಲ್ಲಿ ಆ ಪದರ ದಾಟಿ ಆಳಕ್ಕೆ ಹೋಗಲೇಬೇಕು. ಬಡಿಯುವ ಮುಂಚೆ ಒಂದು ಕಂಬ ನೆಟ್ಟು ಎಳೆದು ನೋಡಲು ಹೇಳಿ.

ಪ್ರಶ್ನೆ: ಕ್ಲ್ಯಾಂಪ್ ಸರಿಯಾಗಿ ಕೂರದಿದ್ದರೆ ಪ್ಯಾನೆಲ್ ಫ್ರೇಮಿಗೆ ಹೊಸ ತೂತು ಕೊರೆಯಬಹುದಾ?

ಇಲ್ಲ. ಗ್ಯಾರಂಟಿ ಅಲ್ಲಿಗೇ ಮುಗಿಯಿತು. ಸರಿಯಾದ ಅಳತೆಯ ಕ್ಲ್ಯಾಂಪ್ ತರಿಸಿ.

ಪ್ರಶ್ನೆ: ಹಾಕಿಸಿ ಮೂರು ವರ್ಷ ಆಯಿತು. ಸ್ಟ್ರಕ್ಚರಿಗೆ ಏನಾದರೂ ಮಾಡಬೇಕಾ?

ಇದನ್ನು ಕೇಳಿದ್ದಕ್ಕೆ ಖುಷಿಯಾಯಿತು. ಗಾಳಿಯ ಕಾಲ ಶುರುವಾಗುವ ಮುಂಚೆ, ಯಾರಾದರೂ ಜೊತೆಗಿರುವಾಗ, ಪ್ರತಿಯೊಂದು ನಟ್ಟನ್ನೂ ಕೈಯಿಂದ ತಿರುಗಿಸಿ ನೋಡಿ. ಬೆರಳಿಗೇ ತಿರುಗುವ ನಟ್ಟು ಒಂದಾದರೂ ಸಿಗುತ್ತದೆ. ನೋಡಿದ ಪ್ರತಿ ನಟ್ಟಿನ ಮೇಲೆ ಬೋಲ್ಟಿನವರೆಗೂ ಹಾಯುವಂತೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದಿನ ವರ್ಷ ಗೆರೆ ಮುರಿದಿದ್ದರೆ ನಟ್ಟು ಸಡಿಲಾಗಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.